ಬರೆಯಲು ಕೂರದ ಐದು ವರ್ಷದ ಮಗಳಿಗೆ

ಪುಣೆಯ ಕೋಥ್ರೂಡಿನ ಮನೆಯಲ್ಲೇ ಕಲಿಸುತ್ತಿದ್ದೇವೆ, ಐದು ವರ್ಷದ ಮಗಳು ಕನ್ನಡ ಬರೆಯಲು ಕೂರುವುದೇ ಇಲ್ಲ ಎಂದಿದ್ದೀರಿ. ಸದ್ಯಕ್ಕೆ ಬರವಣಿಗೆ ಬದಿಗಿಡಿ. ಇದು ಬಾಯಿಪಾಠದ ವಯಸ್ಸು. ಬೆಳಗ್ಗೆ ತಲೆ ಬಾಚುವಾಗ ಸರ್ವಜ್ಞನ ಒಂದು ತ್ರಿಪದಿ ಹೇಳಿಕೊಡಿ. ಮೂರೇ ಸಾಲು, ವಾರವಿಡೀ ಅದೊಂದೇ ಸಾಕು. ರಾತ್ರಿ ಪಂಚತಂತ್ರದ ಕಥೆ ಒಮ್ಮೆ ಮಾತ್ರ ಓದಿ, ಆಮೇಲೆ ಅವಳ ಬಾಯಲ್ಲೇ ಕೇಳಿ. ನಡುವೆ ತಿದ್ದಬೇಡಿ, ದಯವಿಟ್ಟು.

ಭಾನುವಾರ ಜಂಗಲೀ ಮಹಾರಾಜ್ ರಸ್ತೆಯ ಪಾತಾಳೇಶ್ವರಕ್ಕೆ ಕರೆದೊಯ್ಯಿರಿ. ಬಂಡೆಯಲ್ಲೇ ಕೊರೆದ ಗುಡಿ, 8ನೇ ಶತಮಾನದ್ದು, ನಮ್ಮ ರಾಷ್ಟ್ರಕೂಟರ ಕಾಲದ್ದು! ಅಂಗಳದಲ್ಲಿರುವ ದುಂಡನೆಯ ನಂದಿಮಂಟಪದ ಕಂಬಗಳನ್ನು ಮುಟ್ಟಿ ಎಣಿಸಲಿ. ಮನೆಗೆ ಬಂದು ಅದನ್ನೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬಿಡಿಸಲಿ. ಕನ್ನಡದ ಅಕ್ಷರಗಳಿಗೆ ಮೊದಲು ಬೇಕಾಗಿರುವುದು ಹೀಗೆ ದುಂಡಗೆ ತಿರುಗುವ ಕೈ. ಪೆನ್ಸಿಲು ಆರು ತಿಂಗಳು ತಡವಾದರೂ ನಷ್ಟವಿಲ್ಲ.