ಟಿವಿಯಲ್ಲಿ ಸಿನಿಮಾದ ಮಾತು ಕೇಳಿಸಲ್ಲ, ಫೈಟ್ ಬಂದರೆ ಕಿವಿಗೆ ಬಡಿಯುತ್ತೆ, ಗೇಮ್ ಆಡಿದರೆ ಬಟನ್ ತಡ: ಯಾವ ಸೆಟ್ಟಿಂಗ್ ಬದಲಿಸಬೇಕು?

ನೀವು ಹೇಳಿರುವ ತೊಂದರೆ ಮೂರು. ಮಾತು ಕೇಳಲಿ ಅಂತ ವಾಲ್ಯೂಮ್ ಏರಿಸಿದರೆ ಮುಂದಿನ ಫೈಟ್‌ಗೆ ಓಡಿಬಂದು ಇಳಿಸಬೇಕು. ಹೊಸ ಟಿವಿಯಲ್ಲಿ ಸಿನಿಮಾ ಸಿನಿಮಾದಂತಿಲ್ಲ, ಧಾರಾವಾಹಿಯಂತೆ ಕಾಣುತ್ತದೆ. ಕನ್ಸೋಲ್ ಹಾಕಿದರೆ ಬಟನ್ ಒತ್ತಿದ ಮೇಲೆ ಪಾತ್ರ ತಡವಾಗಿ ಜಿಗಿಯುತ್ತದೆ. ಮೂರಕ್ಕೂ ಸೌಂಡ್‌ಬಾರ್ ಕೊಳ್ಳಬೇಕಾ, ಟಿವಿಯನ್ನೇ ಬದಲಿಸಬೇಕಾ ಅಂತ ಕೇಳಿದ್ದೀರಿ. ಈಗಲೇ ಏನೂ ಕೊಳ್ಳಬೇಡಿ. ಟಿವಿ ನಿಮ್ಮನ್ನು ಕೇಳದೆ ಚಿತ್ರಕ್ಕೂ ಧ್ವನಿಗೂ ಏನೇನೋ ಸೇರಿಸುತ್ತಿರುತ್ತದೆ. ಮೊದಲು ಅದನ್ನೆಲ್ಲ ಆಫ್ ಮಾಡಿ, ಆಮೇಲೂ ಕೊರತೆ ಉಳಿದರೆ ಆ ಕೊರತೆಗೆ ಮಾತ್ರ ಖರ್ಚು ಮಾಡಿ.

ಧ್ವನಿಯಿಂದ ಶುರು ಮಾಡೋಣ, ಏಕೆಂದರೆ ಹೆಚ್ಚು ಜನ ಒದ್ದಾಡುವುದು ಅದರಲ್ಲೇ.

ಥಿಯೇಟರ್‌ಗೆಂದು ಮಾಡುವ ಸಿನಿಮಾದ ಸೌಂಡ್ ಮಿಕ್ಸ್, ಒಂದೊಂದು ಮುಖ್ಯ ಸ್ಪೀಕರನ್ನೂ 85 ಡೆಸಿಬೆಲ್‌ಗೆ ಹೊಂದಿಸಿದ ಕೋಣೆಯಲ್ಲಿ ನಡೆಯುತ್ತದೆ. ಅದರ ಮೇಲೆ ಇನ್ನೂ 20 ಡೆಸಿಬೆಲ್ ಜಾಗ ಸ್ಫೋಟ, ಗುಡುಗು, ಗುಂಡಿನ ಸದ್ದಿಗೆ ಸಿಗುತ್ತದೆ. ಅಂದರೆ ತಾರಕಕ್ಕೆ ಹೋದಾಗ 105 ಡೆಸಿಬೆಲ್. ಮನೆಯಲ್ಲಿ ಅಷ್ಟು ಜೋರಾಗಿ ಯಾರೂ ಇಡುವುದಿಲ್ಲ. ಇಡೀ ಧ್ವನಿಯನ್ನು 20–25 ಡೆಸಿಬೆಲ್ ಇಳಿಸಿದಾಗ ಸ್ಫೋಟ ಇನ್ನೂ ಜೋರಾಗಿಯೇ ಉಳಿಯುತ್ತದೆ, ಪಿಸುಮಾತು ಮಾತ್ರ ಫ್ಯಾನ್ ಸದ್ದಿನ ಕೆಳಗೆ ಮುಳುಗುತ್ತದೆ. ನಿಮ್ಮ ಕಿವಿಯಲ್ಲಿ ದೋಷವಿಲ್ಲ. ಜೋರಿಗೂ ಮೆಲ್ಲಗಿಗೂ ನಡುವಿನ ಅಂತರವೇ ಮನೆಗೆ ಹೊಂದದಷ್ಟು ದೊಡ್ಡದು.

ಇನ್ನೊಂದು ಕಾರಣ ಚಾನೆಲ್‌ಗಳದು. 5.1 ಅಂದರೆ ಎಡ, ನಡು, ಬಲ, ಹಿಂದೆ ಎರಡು, ಜೊತೆಗೆ ಬರೀ ಬೇಸ್‌ಗೆ ಒಂದು. ಮಾತು ಬಹುಪಾಲು ನಡುವಿನ ಚಾನೆಲ್‌ನಲ್ಲಿ ಇರುತ್ತದೆ. ಹೆಚ್ಚಿನ ಟಿವಿಗಳಲ್ಲಿ ನಡುವಿಗೆ ಸ್ಪೀಕರೇ ಇಲ್ಲ. ಆಗ ಟಿವಿ ಆ ಚಾನೆಲನ್ನು 3 ಡೆಸಿಬೆಲ್ ತಗ್ಗಿಸಿ ಎಡಕ್ಕೂ ಬಲಕ್ಕೂ ಹಂಚುತ್ತದೆ, ಹಿಂದಿನ ಎರಡು ಚಾನೆಲ್‌ಗಳನ್ನೂ ಅವುಗಳ ಮೇಲೇ ಹೇರುತ್ತದೆ. ಥಿಯೇಟರ್‌ನಲ್ಲಿ ತನ್ನದೇ ಸ್ಪೀಕರಿನಿಂದ ಬರುತ್ತಿದ್ದ ಮಾತು ಇಲ್ಲಿ ಮಳೆ, ಜನಜಂಗುಳಿ, ಹಿನ್ನೆಲೆ ಸಂಗೀತದ ಜೊತೆ ಎರಡೇ ಸಣ್ಣ ಸ್ಪೀಕರ್‌ಗಳಲ್ಲಿ ನೂಕಾಡುತ್ತದೆ.

ಹಾಗಾಗಿ ಮೊದಲ ಕೆಲಸ: ಸಿನಿಮಾ ಓಡುತ್ತಿರುವಾಗ ಆ ಆ್ಯಪ್‌ನಲ್ಲೇ ಭಾಷೆ ಆರಿಸುವ ಪಟ್ಟಿ ತೆರೆಯಿರಿ. ಒಂದೇ ಭಾಷೆ ಎರಡು ಸಲ ಇದ್ದು, ಒಂದರ ಪಕ್ಕ 5.1 ಅಂತ ಇದ್ದರೆ ಅದನ್ನು ಬಿಟ್ಟು ಇನ್ನೊಂದನ್ನು ಆರಿಸಿ. ಅದು ಸ್ಟೀರಿಯೋ, ಎರಡೇ ಸ್ಪೀಕರಿಗೆಂದು ತಯಾರಾದ ಟ್ರ್ಯಾಕ್. ಎಷ್ಟೋ ಸಲ ಇದೊಂದರಲ್ಲೇ ಅರ್ಧ ತೊಂದರೆ ಮುಗಿಯುತ್ತದೆ.

ಆಮೇಲೆ ಟಿವಿಯ ಸೌಂಡ್ ಮೆನು. ಮೋಡ್ ಸ್ಟ್ಯಾಂಡರ್ಡ್‌ಗೆ ಇಡಿ. ಸರೌಂಡ್, ವರ್ಚುವಲ್, 3ಡಿ ಅನ್ನುವ ಹೆಸರಿನದೆಲ್ಲ ಆಫ್. ಇವು ಎಡಬಲದ ಧ್ವನಿಯನ್ನು ತಿರುಚಿ ಅಗಲ ಮಾಡಿದಂತೆ ತೋರಿಸುತ್ತವೆ, ಆ ಅಗಲದಲ್ಲಿ ಮೊದಲು ಕರಗುವುದು ನಡುವಿನ ಮಾತೇ. ನೈಟ್ ಮೋಡ್ ಅಥವಾ ಡೈನಾಮಿಕ್ ರೇಂಜ್ ಅನ್ನುವುದು ಸಿಕ್ಕರೆ ಆನ್ ಮಾಡಿ, ಹಗಲಿನಲ್ಲೂ ಇರಲಿ. ಜೋರಾದದ್ದನ್ನು ತಗ್ಗಿಸಿ ಮೆಲ್ಲಗಿನದನ್ನು ಎತ್ತುವುದೇ ಅದರ ಕೆಲಸ. ಡಾಲ್ಬಿ ಡಿಜಿಟಲ್ ಧ್ವನಿಯೊಳಗೇ ಎಲ್ಲಿ ಎಷ್ಟು ತಗ್ಗಿಸಬೇಕು ಅನ್ನುವ ಸೂಚನೆ ಇರುತ್ತದೆ, ಈ ಮೋಡ್ ಅದನ್ನು ಬಳಸಿಕೊಳ್ಳಬಲ್ಲದು. ಆಟೋ ವಾಲ್ಯೂಮ್ ಅನ್ನುವುದು ಬೇರೆ ಬಗೆ. ಅದು ಹೊರಬರುವ ಸದ್ದನ್ನು ಅಳೆದು ಹಿಂದೆಮುಂದೆ ಎಳೆಯುತ್ತದೆ. ಬಾಗಿಲು ಧಡ್ ಎಂದ ತಕ್ಷಣ ಮುಂದಿನ ಮಾತೂ ಕುಗ್ಗಿ, ಒಂದೆರಡು ಸೆಕೆಂಡಿನಲ್ಲಿ ಮತ್ತೆ ಉಬ್ಬುವುದು ಕೇಳಿಸಿದರೆ ಅದರದೇ ಕೆಲಸ. ಎರಡೂ ಸಿಕ್ಕರೆ ನೈಟ್ ಮೋಡ್ ಇರಲಿ, ಆಟೋ ವಾಲ್ಯೂಮ್ ಬೇಡ.

ಮಾತನ್ನೇ ಎತ್ತಿ ಕೊಡುವ ಸೌಲಭ್ಯಕ್ಕೆ ಎಲ್‌ಜಿಯಲ್ಲಿ ಕ್ಲಿಯರ್ ವಾಯ್ಸ್, ಸೋನಿಯಲ್ಲಿ ವಾಯ್ಸ್ ಜೂಮ್, ಆ್ಯಪಲ್ ಟಿವಿ ಪೆಟ್ಟಿಗೆಯಲ್ಲಿ ಎನ್‌ಹಾನ್ಸ್ ಡೈಲಾಗ್ ಎಂಬ ಹೆಸರುಗಳಿವೆ. ಒಂದು ಹಂತ ಏರಿಸಿ ನೋಡಿ. ಮೇಲಿನ ಹಂತಗಳಲ್ಲಿ ಸ, ಶ, ಚ ಸೀಟಿ ಹೊಡೆದಂತೆ ಕೇಳತೊಡಗುತ್ತವೆ. ಅಂಥ ಸೌಲಭ್ಯವೇ ಇಲ್ಲದಿದ್ದರೆ ಈಕ್ವಲೈಜರ್ ಸಾಕು: 100 ಹರ್ಟ್ಜ್ ಪಟ್ಟಿಯನ್ನು ಮೂರ್ನಾಲ್ಕು ಹಂತ ಇಳಿಸಿ, 2 ರಿಂದ 4 ಕಿಲೋಹರ್ಟ್ಜ್ ಆಸುಪಾಸಿನದನ್ನು ಎರಡು ಮೂರು ಹಂತ ಏರಿಸಿ. ಕಾಲು, ಸಾಲು, ಪಾಲು ಈ ಮೂರು ಪದಗಳನ್ನೇ ನೋಡಿ. ಸ್ವರ ಒಂದೇ, ಅದು ಜೋರಾಗಿಯೂ ಇರುತ್ತದೆ. ಪದ ಯಾವುದೆಂದು ಹೇಳುವುದು ಮೊದಲಿನ ಸಣ್ಣ ವ್ಯಂಜನ. ಅಂಥ ವ್ಯಂಜನಗಳ ಸುಳಿವು ಹೆಚ್ಚಾಗಿ ಇರುವುದು ಆ ಮೇಲಿನ ಪಟ್ಟಿಯಲ್ಲಿ. ಬೇಸ್ ಏರಿಸಿದರೆ ದನಿ ಗಡುಸಾಗುತ್ತದೆಯೇ ಹೊರತು ಪದ ಬಿಡಿಸಿ ಕೇಳುವುದಿಲ್ಲ.

ಟಿವಿ ಇಟ್ಟಿರುವ ಜಾಗವನ್ನೂ ನೋಡಿ. ತೆಳು ಟಿವಿಗಳ ಸ್ಪೀಕರ್ ಬಹುತೇಕ ಕೆಳಮುಖ ಅಥವಾ ಹಿಮ್ಮುಖ. ಸದ್ದು ಮೇಜಿಗೋ ಗೋಡೆಗೋ ಬಡಿದು ನಿಮ್ಮ ಕಡೆ ಬರುತ್ತದೆ. ಟಿವಿ ಮೇಜಿನ ಒಳಭಾಗದಲ್ಲಿ ಕೂತಿದ್ದರೆ ಅಂಚಿಗೆ ಎಳೆಯಿರಿ, ಕೆಳಗೆ ಬಟ್ಟೆ ಹಾಸಿದ್ದರೆ ತೆಗೆಯಿರಿ, ಮುಂದೆ ಇಟ್ಟ ಪೆಟ್ಟಿಗೆ, ಅಲಂಕಾರದ ವಸ್ತು ಸರಿಸಿ.

ಇಷ್ಟಾದ ಮೇಲೂ ಸಾಲದೆ ಸೌಂಡ್‌ಬಾರ್‌ಗೆ ಹೋಗುವುದಾದರೆ ಹೆಸರಿನ ಮೊದಲ ಅಂಕಿ ನೋಡಿ. 2.1ರಲ್ಲಿ ನಡುವಿನ ಸ್ಪೀಕರ್ ಇಲ್ಲ, ಆ .1 ಸಬ್‌ವೂಫರ್. ನಿಮಗೆ ಬೇಕಾದದ್ದು 3.0 ಅಥವಾ 3.1. ಅದರಲ್ಲಿ ಸೆಂಟರ್ ಲೆವೆಲ್ ಪ್ರತ್ಯೇಕವಾಗಿ ಏರಿಸುವ ಅವಕಾಶ ಇರಲೇಬೇಕು. ಎರಡರಿಂದ ನಾಲ್ಕು ಡೆಸಿಬೆಲ್ ಏರಿಸಿದರೆ ಮಾತು ಮುಂದೆ ಬರುತ್ತದೆ. ಟಿವಿಯಲ್ಲಿ ಎಆರ್‌ಸಿ ಅಥವಾ ಇಎಆರ್‌ಸಿ ಅಂತ ಬರೆದಿರುವ, ಅಂದರೆ ಟಿವಿಯ ಧ್ವನಿಯನ್ನು ಬಾರ್‌ಗೆ ಕಳಿಸಬಲ್ಲ ಎಚ್‌ಡಿಎಂಐಗೇ ಕೇಬಲ್ ಹಾಕಿ. ಇಲ್ಲಿ ತುಂಬ ಜನ ಎಡವುವುದು ಟಿವಿಯ ಸೌಂಡ್ ಮೆನುವಿನ ಡಿಜಿಟಲ್ ಆಡಿಯೋ ಔಟ್‌ಪುಟ್‌ನಲ್ಲಿ. ಅದು ಪಿಸಿಎಂನಲ್ಲಿದ್ದರೆ, ಅಂದರೆ ಧ್ವನಿಯನ್ನು ಟಿವಿಯೇ ಬಿಡಿಸಿ ಕಳಿಸುವಂತಿದ್ದರೆ, ಎಆರ್‌ಸಿ ಮೂಲಕ ಎರಡೇ ಚಾನೆಲ್ ಹೋಗುತ್ತವೆ, ಹಣ ಕೊಟ್ಟು ತಂದ ನಡುವಿನ ಸ್ಪೀಕರಿಗೆ ಅದರ ಪಾಲಿನ ಟ್ರ್ಯಾಕ್ ತಲುಪುವುದೇ ಇಲ್ಲ. ಬಾರ್ ಇದ್ದಾಗ ಆಟೋ, ಬಿಟ್‌ಸ್ಟ್ರೀಮ್ ಅಥವಾ ಪಾಸ್‌ಥ್ರೂ ಆರಿಸಿ. ಆಗ ಆ್ಯಪ್‌ನಲ್ಲಿ 5.1 ಟ್ರ್ಯಾಕನ್ನೇ ಹಾಕಿ, ಮೊದಲು ಹೇಳಿದ್ದಕ್ಕೆ ತಿರುಗುಮುರುಗು.

ಲ್ಯಾಪ್‌ಟಾಪಿನಲ್ಲಿ ನೋಡುವವರಿಗೆ ಒಂದು ಮಾತು. ಹಿನ್ನೆಲೆ ಸಂಗೀತ ಚೆನ್ನಾಗಿ ಕೇಳಿ, ಮಾತು ಮಾತ್ರ ಪೂರ್ತಿ ಮಾಯವಾಗಿದ್ದರೆ ವಿಂಡೋಸ್‌ನ ಸ್ಪೀಕರ್ ಕಾನ್ಫಿಗರೇಷನ್ 5.1ರಲ್ಲಿ ಕೂತಿರಬಹುದು. ನಡುವಿನ ಚಾನೆಲ್ ಇಲ್ಲದ ಸ್ಪೀಕರಿಗೆ ಹೋಗಿ ಕಳೆದುಹೋಗುತ್ತದೆ. ಸ್ಟೀರಿಯೋ ಮಾಡಿ. ವಿಎಲ್‌ಸಿಯಲ್ಲಿ ಫೈಲ್ ಹಾಕುವುದಾದರೆ ಟೂಲ್ಸ್‌ನಲ್ಲಿ ಎಫೆಕ್ಟ್ಸ್ ಅಂಡ್ ಫಿಲ್ಟರ್ಸ್ ತೆರೆದು ಕಂಪ್ರೆಸರ್ ಆನ್ ಮಾಡಿದರೆ ನೈಟ್ ಮೋಡ್‌ನ ಕೆಲಸವೇ ಆಗುತ್ತದೆ.

ಈಗ ಚಿತ್ರ. ಸಿನಿಮಾ ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮ್. ಟಿವಿ ಅವುಗಳ ನಡುವೆ ಇಲ್ಲದ ಫ್ರೇಮ್‌ಗಳನ್ನು ಲೆಕ್ಕ ಹಾಕಿ ತುಂಬುತ್ತದೆ. ಚಲನೆ ನುಣ್ಣಗಾಗಿ, ಸೆಕೆಂಡಿಗೆ 50 ಅಥವಾ 60 ಚಿತ್ರದ ವಿಡಿಯೋ ನೋಡಿದಂತಾಗುತ್ತದೆ. ಧಾರಾವಾಹಿ ಅಂತ ನಿಮಗೆ ಅನ್ನಿಸುತ್ತಿರುವುದು ಇದೇ. ಒಬ್ಬ ನಟ ಕಂಬಿ ಸಾಲಿನ ಹಿಂದೆ ನಡೆದು ಹೋಗುವ ದೃಶ್ಯದಲ್ಲಿ ಮುಖದ ಅಂಚು ನೋಡಿ: ಕಂಬಿ ದಾಟುವಾಗ ಕೆನ್ನೆಯ ಪಕ್ಕ ನೀರು ಕದಡಿದಂತೆ ಒಂದು ಮಸುಕು ಕಾಣಿಸುತ್ತದೆ. ಅಲ್ಲಿ ಟಿವಿಯ ಊಹೆ ತಪ್ಪಿದೆ. ಸ್ಯಾಮ್‌ಸಂಗ್‌ನಲ್ಲಿ ಇದರ ಹೆಸರು ಪಿಕ್ಚರ್ ಕ್ಲಾರಿಟಿ ಅಥವಾ ಆಟೋ ಮೋಷನ್ ಪ್ಲಸ್, ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಹಲವು ಆ್ಯಂಡ್ರಾಯ್ಡ್ ಟಿವಿಗಳಲ್ಲಿ ಎಂಇಎಂಸಿ. ಆಫ್ ಮಾಡಿ. ಮೆನುವಿನಲ್ಲಿ ಫಿಲ್ಮ್‌ಮೇಕರ್ ಮೋಡ್ ಇದ್ದರೆ ಇನ್ನೂ ಸುಲಭ. ಯುಎಚ್‌ಡಿ ಅಲಯನ್ಸ್ 2019ರಲ್ಲಿ ಪ್ರಕಟಿಸಿದ ಈ ಮೋಡ್ ಫ್ರೇಮ್ ತುಂಬುವುದು, ಅತಿ ಚೂಪು ಮಾಡುವುದು ಎಲ್ಲವನ್ನೂ ಒಂದೇಟಿಗೆ ನಿಲ್ಲಿಸುತ್ತದೆ.

ಆಫ್ ಮಾಡಿದ ಮೇಲೆ ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ತಿರುಗುವಾಗ ಸಣ್ಣ ಜರ್ಕ್ ಕಂಡರೆ ಗಾಬರಿ ಬೇಡ. 60 ಹರ್ಟ್ಜ್ ಪರದೆಗೆ 24 ಸರಿಯಾಗಿ ಭಾಗವಾಗುವುದಿಲ್ಲ. ಒಂದು ಫ್ರೇಮನ್ನು ಮೂರು ಸಲ, ಮುಂದಿನದನ್ನು ಎರಡು ಸಲ ತೋರಿಸಿ ಸರಿದೂಗಿಸುತ್ತಾರೆ. 120 ಹರ್ಟ್ಜ್ ಪರದೆಯಲ್ಲಿ ಪ್ರತಿಯೊಂದನ್ನೂ ಐದು ಸಲ ತೋರಿಸಿದರೆ ಲೆಕ್ಕ ಸರಿಹೋಗುತ್ತದೆ. ಹೊರಗಿನ ಸ್ಟಿಕ್ ಅಥವಾ ಪೆಟ್ಟಿಗೆ ಬಳಸುತ್ತಿದ್ದರೆ ಅದರಲ್ಲಿ ಮ್ಯಾಚ್ ಫ್ರೇಮ್ ರೇಟ್ ಅನ್ನುವುದನ್ನು ಆನ್ ಮಾಡಿ, ಇಲ್ಲದಿದ್ದರೆ ಅದು ಎಲ್ಲವನ್ನೂ 60ಕ್ಕೆ ಬದಲಿಸಿಯೇ ಕಳಿಸುತ್ತಿರಬಹುದು.

ಚಿತ್ರದಲ್ಲಿ ಉಳಿದದ್ದು ಬೇಗ ಮುಗಿಯುತ್ತದೆ. ಬಣ್ಣದ ಟೋನ್ ವಾರ್ಮ್‌ಗೆ. ಮೊದಲ ಎರಡು ದಿನ ಹಳದಿ ಅನ್ನಿಸುತ್ತದೆ, ಕಣ್ಣು ಒಗ್ಗಿಕೊಳ್ಳುತ್ತದೆ. ಶಾರ್ಪ್‌ನೆಸ್ ಸ್ಯಾಮ್‌ಸಂಗ್, ಎಲ್‌ಜಿಗಳಲ್ಲಿ ಸೊನ್ನೆಯ ಹತ್ತಿರ, ಸೋನಿಯಲ್ಲಿ 50. ಎನರ್ಜಿ ಸೇವಿಂಗ್ ಆನ್ ಇದ್ದರೆ ರಾತ್ರಿ ದೃಶ್ಯಗಳು ಕಪ್ಪು ಮುದ್ದೆಯಾಗುತ್ತವೆ, ಎಚ್‌ಡಿಆರ್ (ಬೆಳಕು ಕತ್ತಲೆಯ ಅಂತರ ಹೆಚ್ಚಿರುವ ಚಿತ್ರ) ಸಿನಿಮಾ ಮಂಕು ಅನ್ನುವವರು ಮೊದಲು ನೋಡಬೇಕಾದದ್ದು ಅದನ್ನೇ.

ಇನ್ನು ಗೇಮ್. ಮೇಲೆ ಹೇಳಿದ ಫ್ರೇಮ್ ತುಂಬುವ ಕೆಲಸಕ್ಕೆ ಟಿವಿ ಮುಂದಿನ ಫ್ರೇಮ್ ಬರುವ ತನಕ ಈಗಿನದನ್ನು ಹಿಡಿದಿಟ್ಟುಕೊಳ್ಳಲೇಬೇಕು. ತಡ ಅಲ್ಲೇ ಹುಟ್ಟುತ್ತದೆ. 60 ಫ್ರೇಮ್‌ನಲ್ಲಿ ಒಂದು ಫ್ರೇಮ್ ಅಂದರೆ 16.7 ಮಿಲಿಸೆಕೆಂಡ್. ಇದರ ಮೇಲೆ ಚೂಪು ಮಾಡುವುದು, ಕಾಂಟ್ರಾಸ್ಟ್ ತಿದ್ದುವುದು ಎಲ್ಲ ಸೇರಿದರೆ 100 ಮಿಲಿಸೆಕೆಂಡ್ ತಲುಪುವುದು ಕಷ್ಟವೇನಲ್ಲ. ಗೇಮ್ ಮೋಡ್ ಆನ್ ಮಾಡಿದರೆ ಇವೆಲ್ಲ ಬದಿಗೆ ಸರಿದು, ಇತ್ತೀಚಿನ ಒಳ್ಳೆಯ ಟಿವಿಗಳಲ್ಲಿ ತಡ 10–20 ಮಿಲಿಸೆಕೆಂಡಿಗೆ ಇಳಿಯುತ್ತದೆ. ಎಎಲ್‌ಎಲ್‌ಎಂ (ಗೇಮ್ ಶುರುವಾದಾಗ ಟಿವಿಗೆ ತಿಳಿಸುವ ಸೌಲಭ್ಯ) ಇರುವ ಟಿವಿ, ಕನ್ಸೋಲ್‌ಗಳಲ್ಲಿ ಇದು ತಾನಾಗಿ ಆನ್ ಆಗುತ್ತದೆ, ಆದರೆ ಆ ಸೌಲಭ್ಯ ಎರಡೂ ಕಡೆ ಆನ್ ಇರಬೇಕು.

ಪಿಎಸ್5 ಅಥವಾ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನಲ್ಲಿ 4ಕೆ, 120 ಫ್ರೇಮ್ ಬೇಕಿದ್ದರೆ ಎಚ್‌ಡಿಎಂಐ 2.1 ಸೌಲಭ್ಯದ ಪೋರ್ಟ್ ಬೇಕು. 2.0ರ ಮಿತಿ ಸೆಕೆಂಡಿಗೆ 18 ಗಿಗಾಬಿಟ್, ಪೂರ್ಣ ಗುಣಮಟ್ಟದ 4ಕೆ 120 ಅದರೊಳಗೆ ಹಿಡಿಸುವುದಿಲ್ಲ. ಹಲವು ಟಿವಿಗಳಲ್ಲಿ ನಾಲ್ಕರಲ್ಲಿ ಎರಡೇ ಪೋರ್ಟ್‌ಗೆ ಈ ಶಕ್ತಿ ಇದ್ದು, ಅದರಲ್ಲೊಂದು ಇಎಆರ್‌ಸಿಯೂ ಆಗಿರುತ್ತದೆ. ಬಾರ್ ಹಾಕುವ ಮುನ್ನವೇ ಯಾವುದಕ್ಕೆ ಯಾವುದು ಅಂತ ಯೋಚಿಸಿಕೊಳ್ಳಿ. ಆ ಪೋರ್ಟ್‌ಗೆ ಸ್ಯಾಮ್‌ಸಂಗ್‌ನಲ್ಲಿ ಇನ್‌ಪುಟ್ ಸಿಗ್ನಲ್ ಪ್ಲಸ್, ಎಲ್‌ಜಿಯಲ್ಲಿ ಎಚ್‌ಡಿಎಂಐ ಡೀಪ್ ಕಲರ್, ಸೋನಿಯಲ್ಲಿ ಎನ್‌ಹಾನ್ಸ್‌ಡ್ ಫಾರ್ಮ್ಯಾಟ್ ಆನ್ ಇದೆಯೇ ನೋಡಿ. ಗೇಮ್‌ನಲ್ಲಿ ನೆರಳೆಲ್ಲ ಮಸಿಯಂತೆ ಕಪ್ಪಾಗಿದ್ದರೆ ಅಥವಾ ಕಪ್ಪು ಜಾಗ ಬೂದಿ ಬಣ್ಣಕ್ಕೆ ತಿರುಗಿದ್ದರೆ ಕಪ್ಪಿನಿಂದ ಬಿಳಿಯ ತನಕದ ಅಂಕಿಗಳ ವ್ಯಾಪ್ತಿ, ಅಂದರೆ ಆರ್‌ಜಿಬಿ ರೇಂಜ್, ಟಿವಿಗೂ ಕನ್ಸೋಲಿಗೂ ಹೊಂದಿಲ್ಲ ಅಂತ ಅರ್ಥ: ಒಂದು ಕಡೆ 16–235, ಇನ್ನೊಂದು ಕಡೆ 0–255. ಎರಡನ್ನೂ ಆಟೋದಲ್ಲಿಡಿ, ಆಗದಿದ್ದರೆ ಎರಡೂ ಕಡೆ ಲಿಮಿಟೆಡ್ (16–235) ಮಾಡಿ.

ಗೇಮ್‌ಗೆ ಬ್ಲೂಟೂತ್ ಹೆಡ್‌ಫೋನ್ ಬೇಡ. ಸಾಧಾರಣ ಬ್ಲೂಟೂತ್‌ನಲ್ಲಿ ಧ್ವನಿ 100–200 ಮಿಲಿಸೆಕೆಂಡ್ ಹಿಂದುಳಿಯುತ್ತದೆ. ಸಿನಿಮಾ ಆ್ಯಪ್ ಚಿತ್ರವನ್ನೂ ಅಷ್ಟೇ ತಡೆದು ಹೊಂದಿಸಬಲ್ಲದು, ಗೇಮ್‌ಗೆ ಆ ದಾರಿ ಇಲ್ಲ. ಕಂಟ್ರೋಲರ್‌ನಲ್ಲೇ 3.5 ಎಂಎಂ ಜ್ಯಾಕ್ ಇದ್ದರೆ ವೈರ್ ಹಾಕಿ. ಬಾರ್ ಜೋಡಿಸಿದ ಮೇಲೆ ಗೇಮ್ ಮೋಡ್‌ನಲ್ಲಿ ಗುಂಡಿನ ಸದ್ದು ಹಿಂದೆ ಬಿದ್ದಂತೆ ಕಂಡರೆ ಆಡಿಯೋ ಡಿಲೇ ಟಿವಿಯಲ್ಲೂ ಬಾರ್‌ನಲ್ಲೂ ಸೊನ್ನೆಗೆ ತನ್ನಿ. ಆ ಸೆಟ್ಟಿಂಗ್ ಧ್ವನಿಯನ್ನು ತಡ ಮಾಡಬಲ್ಲದು, ಮುಂದಕ್ಕೆ ತರಲಾರದು. ಸಿನಿಮಾದಲ್ಲಿ ಇದು ಉಲ್ಟಾ: ತುಟಿಗಿಂತ ಮಾತು ಮುಂದಿದ್ದರೆ ಸುಮಾರು 45 ಮಿಲಿಸೆಕೆಂಡಿಗೇ ಗೊತ್ತಾಗುತ್ತದೆ, ಹಿಂದಿದ್ದರೆ 125ರ ತನಕ ಕಣ್ಣು ಸುಮ್ಮನಿರುತ್ತದೆ. ಹಾಗಾಗಿ ಡಿಲೇಯನ್ನು ಹತ್ತು ಹತ್ತಾಗಿ ಏರಿಸುತ್ತ, ಮುಖ ಹತ್ತಿರದಿಂದ ಕಾಣುವ ದೃಶ್ಯದಲ್ಲಿ ಪ, ಬ, ಮ ಅನ್ನುವಾಗ ತುಟಿ ಮುಚ್ಚುವುದನ್ನೇ ಗಮನಿಸಿ ಹೊಂದಿಸಿ.

ಕೊನೆಗೆ, ಒಂದು ಕಡೆ ಬದಲಿಸಿದ್ದು ಎಲ್ಲ ಕಡೆಗೂ ಅನ್ವಯಿಸಿತು ಅಂದುಕೊಳ್ಳಬೇಡಿ. ಹೆಚ್ಚಿನ ಟಿವಿಗಳು ಪಿಕ್ಚರ್ ಸೆಟ್ಟಿಂಗನ್ನು ಪ್ರತಿ ಎಚ್‌ಡಿಎಂಐಗೂ ಟಿವಿಯೊಳಗಿನ ಆ್ಯಪ್‌ಗೂ ಬೇರೆಬೇರೆಯಾಗಿ ಇಟ್ಟುಕೊಳ್ಳುತ್ತವೆ. ಸಾಮಾನ್ಯ ಚಿತ್ರ, ಎಚ್‌ಡಿಆರ್, ಎಚ್‌ಡಿಆರ್‌ನದೇ ಇನ್ನೊಂದು ಬಗೆಯಾದ ಡಾಲ್ಬಿ ವಿಷನ್ ಮೂರಕ್ಕೂ ಬೇರೆ ನೆನಪು. ಆಯಾ ಬಗೆಯ ಒಂದೊಂದು ವಿಡಿಯೋ ಓಡಿಸಿ, ಅದು ಓಡುತ್ತಿರುವಾಗಲೇ ಮೆನು ತೆರೆದು ಮೋಷನ್ ಆಫ್ ಆಗಿದೆಯೇ ನೋಡಿ. ಟಿವಿಗೆ ಸಾಫ್ಟ್‌ವೇರ್ ಅಪ್‌ಡೇಟ್ ಬಂದ ಮೇಲೂ ಒಮ್ಮೆ ನೋಡಿ, ಕೆಲವು ಸಲ ಮೋಷನ್ ಮತ್ತು ಎನರ್ಜಿ ಸೇವಿಂಗ್ ಎರಡೂ ಹಳೆಯ ಜಾಗಕ್ಕೇ ಮರಳಿರುತ್ತವೆ.