ಕಾಸರಗೋಡಿನಲ್ಲಿ ಹಳೆಯ ಎಸ್-ಕ್ಲಾಸ್ ಮರ್ಸಿಡಿಸ್ ಇಟ್ಟುಕೊಳ್ಳಬಹುದೇ?

ಖಂಡಿತ ಇಟ್ಟುಕೊಳ್ಳಬಹುದು, ಆದರೆ ಅಗ್ಗದ ಬೆಲೆಗೆ ಮರುಳಾಗಬೇಡಿ. ನೀವು ಕೇಳಿರುವ ಡಬ್ಲ್ಯು220, ಅಂದರೆ ಮರ್ಸಿಡಿಸ್‌ನ ಐಷಾರಾಮಿ ಎಸ್-ಕ್ಲಾಸ್ ಕಾರಿನ ಒಂದು ಹಳೆಯ ಪೀಳಿಗೆ, 1998ರಲ್ಲಿ ಬಂದದ್ದು. ಅದರ ಕೆಟ್ಟ ಹೆಸರಿಗೆ ಮುಖ್ಯ ಕಾರಣ ತುಕ್ಕು ಮತ್ತು ಗಾಳಿಯ ಸಸ್ಪೆನ್ಷನ್. ಉಕ್ಕಿನ ಸ್ಪ್ರಿಂಗ್‌ಗಳ ಬದಲು ರಬ್ಬರಿನ ಗಾಳಿಚೀಲಗಳು ಕಾರನ್ನು ಹೊರುತ್ತವೆ. ವಯಸ್ಸಾದಂತೆ ರಬ್ಬರು ಬಿರಿದು ಗಾಳಿ ಸೋರುತ್ತದೆ. ಅದನ್ನು ತುಂಬಲು ಬಿಡುವಿಲ್ಲದೆ ದುಡಿದ ಕಂಪ್ರೆಸರ್ ಕೂಡ ಕೆಡುತ್ತದೆ. ಹೀಗೆ ಒಂದು ಸಣ್ಣ ಸೋರಿಕೆ ಎರಡು ದೊಡ್ಡ ಖರ್ಚಾಗುತ್ತದೆ. ಆದ್ದರಿಂದ ಕೊಳ್ಳುವ ಮುನ್ನ ಕಾರನ್ನು ಒಂದು ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲೇ ನೋಡಿ. ಒಂದು ಮೂಲೆ ಕುಸಿದಿದ್ದರೆ ಸೋರಿಕೆಯನ್ನು ಶಂಕಿಸಿ.

ನಮ್ಮ ಕರಾವಳಿಯ ಉಪ್ಪುಗಾಳಿ, ಮಳೆಗಾಲಗಳಲ್ಲಿ ತುಕ್ಕು ಬೇಗ ಹರಡುತ್ತದೆ. ಚಕ್ರದ ಕಮಾನು, ಬಾಗಿಲುಗಳ ಕೆಳಅಂಚನ್ನು ಕೈಯಾಡಿಸಿ ಪರೀಕ್ಷಿಸಿ.

ಮಂಗಳೂರಿನಿಂದ ತರುವುದಾದರೆ ಅಲ್ಲಿನ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ಪಡೆಯಿರಿ. 12 ತಿಂಗಳು ಮೀರಿ ಇಲ್ಲಿ ಇಟ್ಟುಕೊಂಡರೆ ಕೇರಳದ ನೋಂದಣಿ ಕಡ್ಡಾಯ. 15 ವರ್ಷ ದಾಟಿದ ಕಾರಾದ್ದರಿಂದ ನೋಂದಣಿ ನವೀಕರಣವಾಗಿದೆಯೇ ಎಂದೂ ನೋಡಿ.

ಇಷ್ಟೆಲ್ಲ ಹೇಳಿದರೂ ನನಗೆ ಈ ಕಾರಿನ ಮೇಲೆ ನಿಜವಾದ ಪ್ರೀತಿಯಿದೆ. ಸುಸ್ಥಿತಿಯಲ್ಲಿದ್ದರೆ ಅದರ ಹಿಂದಿನ ಸೀಟಿನ ನೆಮ್ಮದಿ ಇಂದಿನ ಎಷ್ಟೋ ಹೊಸ ಕಾರುಗಳಲ್ಲಿಲ್ಲ. ಕೊಂಡ ಬೆಲೆಯಷ್ಟೇ ಹಣವನ್ನು ದುರಸ್ತಿಗೆ ತೆಗೆದಿಡಲು ಸಾಧ್ಯವಿದ್ದರೆ ಮಾತ್ರ ಮುಂದುವರಿಯಿರಿ.