ಕಂಪ್ಯೂಟರ್ ಕೇಳಿ ನೋಡಿ: ಪರದೆ ಮೇಲೆ ಬಂದ ನಂಬರಿಗೆ ಫೋನ್ ಮಾಡಬೇಡಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ತರಹದವು. ಮನೆ ಕಂಪ್ಯೂಟರಿನಲ್ಲಿ ಏನೋ ಬಂತು, ಹೆದರಿಕೆ ಆಯಿತು, ಅದು ಹೇಳಿದ ಹಾಗೆ ಮಾಡಿಬಿಟ್ಟೆವು ಅಂತ. ಹಾಗಾಗಿ ಮೊದಲ ಪತ್ರಕ್ಕೆ ಸ್ವಲ್ಪ ಉದ್ದವಾಗಿಯೇ ಬರೆದಿದ್ದೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಪಂಚಾಂಗ ನೋಡಲು ಯಾವುದೋ ಸೈಟ್ ತೆರೆದೆ. ಇಡೀ ಪರದೆ ಕೆಂಪಾಗಿ ಸೈರನ್ ಹೊಡೆದುಕೊಳ್ಳತೊಡಗಿತು. ಕಂಪ್ಯೂಟರ್ ಲಾಕ್ ಆಗಿದೆ, ಆಫ್ ಮಾಡಬೇಡಿ, ಈ ನಂಬರಿಗೆ ಫೋನ್ ಮಾಡಿ ಎಂದಿತ್ತು. ಮಾಡಿದೆ. ಆ ಕಡೆಯ ಹುಡುಗ ತುಂಬಾ ಮರ್ಯಾದೆಯಿಂದ ಮಾತಾಡಿ ಎನಿಡೆಸ್ಕ್ ಹಾಕಿಸಿದ. ಆಮೇಲೆ ಮೌಸಿನ ಬಾಣ ತಾನಾಗಿಯೇ ಓಡಾಡಿತು. ಒಂದು ಪಟ್ಟಿ ತೆರೆದು ಕೆಂಪು ಗುರುತುಗಳನ್ನು ತೋರಿಸಿ ಇಷ್ಟೂ ವೈರಸ್ಸೇ ಎಂದ. ನೆಟ್ ಬ್ಯಾಂಕಿಂಗ್ ತೆರೆಯಿರಿ ಎಂದಾಗ ಅನುಮಾನ ಬಂದು ಯುಪಿಎಸ್ ಸ್ವಿಚ್ಚನ್ನೇ ಆರಿಸಿಬಿಟ್ಟೆ. ಮತ್ತೆ ಆನ್ ಮಾಡಲು ಧೈರ್ಯ ಬರುತ್ತಿಲ್ಲ.
(ಶಿವಮೊಗ್ಗ)

ಉತ್ತರ: ಮೇಷ್ಟ್ರೇ, ಸ್ವಿಚ್ ಆರಿಸಿದಿರಲ್ಲ, ಸರಿಯಾದ ಕೆಲಸವನ್ನೇ ಮಾಡಿದಿರಿ. "ಆಫ್ ಮಾಡಬೇಡಿ" ಎಂದು ಅವರು ಬರೆದಿದ್ದೇ ನೀವು ಆಫ್ ಮಾಡಿದರೆ ಅವರ ಆಟ ಮುಗಿಯುತ್ತದೆ ಅಂತ.

ನೀವು ನೋಡಿದ ಆ ಕೆಂಪು ಪರದೆ ವೈರಸ್ ಅಲ್ಲ. ಅದು ಬರೀ ಒಂದು ವೆಬ್ ಪುಟ. ಪಂಚಾಂಗದ ಪುಟ ಹೇಗೋ ಇದೂ ಹಾಗೆಯೇ, ಆದರೆ ಪರದೆ ತುಂಬಾ ಹರಡಿಕೊಂಡು ಮುಚ್ಚುವ ಗುರುತನ್ನು ಮರೆಮಾಡಿರುತ್ತದೆ. ಇನ್ನೊಮ್ಮೆ ಬಂದರೆ ಎಸ್ಕೇಪ್ ಕೀಯನ್ನು ಮೂರ್ನಾಲ್ಕು ಸೆಕೆಂಡು ಒತ್ತಿ ಹಿಡಿಯಿರಿ, ಪುಟ ಚಿಕ್ಕದಾಗಿ ಮೇಲೆ ಮುಚ್ಚುವ ಗುರುತು ಕಾಣಿಸುತ್ತದೆ. ಅದಕ್ಕೂ ಬಗ್ಗದಿದ್ದರೆ ಆಲ್ಟ್ ಮತ್ತು ಎಫ್4 ಒಟ್ಟಿಗೆ ಒತ್ತಿ. ಮತ್ತೆ ಬ್ರೌಸರ್ ತೆರೆದಾಗ ಹಳೆಯ ಪುಟಗಳನ್ನು ವಾಪಸ್ ತೆರೆಯಲೇ ಎಂದು ಕೇಳಿದರೆ ಬೇಡ ಅನ್ನಿ. ಮೈಕ್ರೋಸಾಫ್ಟ್ ಕಂಪನಿಯ ಅಸಲಿ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಪರದೆಯ ಮೇಲೆ ನಂಬರ್ ಕಂಡಿತೆಂದರೆ ಅದು ಮೋಸ, ಬೇರೆ ಪರೀಕ್ಷೆಯೇ ಬೇಡ.

ಇನ್ನು ಆ ಪಟ್ಟಿ. ಅದರ ಹೆಸರು ಈವೆಂಟ್ ವ್ಯೂವರ್, ಎಲ್ಲ ವಿಂಡೋಸ್ ಕಂಪ್ಯೂಟರಿನಲ್ಲೂ ಇರುತ್ತದೆ. ಯಾವುದೋ ಸಾಫ್ಟ್‌ವೇರ್ ಶುರುವಾಗಲು ತಡವಾಯಿತು, ನೆಟ್ ಒಂದು ಕ್ಷಣ ಹೋಯಿತು ಅನ್ನುವಂಥ ಸಣ್ಣಪುಟ್ಟದ್ದನ್ನೆಲ್ಲ ಕಂಪ್ಯೂಟರ್ ಅಲ್ಲಿ ದಿನಚರಿ ಬರೆದ ಹಾಗೆ ಬರೆದಿಡುತ್ತದೆ, ಅದರಲ್ಲಿ ಕೆಲವಕ್ಕೆ ಕೆಂಪು ಗುರುತು, ಕೆಲವಕ್ಕೆ ಹಳದಿ. ನನ್ನ ಕಂಪ್ಯೂಟರಿನಲ್ಲೂ ಈಗಷ್ಟೇ ತೆರೆದು ನೋಡಿದೆ, ಸಾಲಾಗಿ ಕೆಂಪು ಗುರುತುಗಳಿವೆ. ಯಾವ ತೊಂದರೆಯೂ ಇಲ್ಲದೆ ಇದೇ ಅಂಕಣವನ್ನು ಅದರಲ್ಲೇ ಬರೆಯುತ್ತಿದ್ದೇನೆ. ಆ ಹುಡುಗ ನಿಮ್ಮ ಮನೆಯದೇ ವಸ್ತು ತೋರಿಸಿ ನಿಮ್ಮನ್ನು ಹೆದರಿಸಿದ, ಅಷ್ಟೆ.

ಈಗ ಮಾಡಬೇಕಾದ್ದು. ಮೊದಲು ರೂಟರ್ ಆರಿಸಿ. ಆಮೇಲೆ ಕಂಪ್ಯೂಟರ್ ಆನ್ ಮಾಡಿ. ನೆಟ್ ಇಲ್ಲದಿದ್ದರೆ ಅವನು ಒಳಗೆ ಬರಲಾರ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿಗೆ ಹೋಗಿ ಎನಿಡೆಸ್ಕ್ ತೆಗೆದುಹಾಕಿ, ಅದೇ ದಿನ ಬಂದು ಕೂತ ಬೇರೆ ಏನಾದರೂ ಕಂಡರೆ ಅದನ್ನೂ ತೆಗೆಯಿರಿ. ಎನಿಡೆಸ್ಕ್ ಅಂದರೆ ದೂರದಿಂದಲೇ ಇನ್ನೊಬ್ಬರ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್. ಅದು ಕೆಟ್ಟದ್ದಲ್ಲ, ಎಷ್ಟೋ ಆಫೀಸುಗಳಲ್ಲಿ ಅದನ್ನೇ ಬಳಸುತ್ತಾರೆ. ಆದರೆ ಗುರುತಿಲ್ಲದವರ ಮಾತು ಕೇಳಿ ಅದನ್ನು ಹಾಕಿಸಿಕೊಂಡರೆ ಮನೆಯ ಬೀಗದಕೈಯನ್ನೇ ಕೊಟ್ಟಂತೆ. ಬಳಿಕ ವಿಂಡೋಸ್ ಸೆಕ್ಯುರಿಟಿಯಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಎಂದಿದೆ, ವೈರಸ್ ಹುಡುಕಲು ಅದನ್ನು ಓಡಿಸಿ. ಜೀಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡುಗಳನ್ನು ಮಗಳ ಫೋನಿನಿಂದಲೋ ಬೇರೆ ಕಂಪ್ಯೂಟರಿನಿಂದಲೋ ಬದಲಾಯಿಸಿ. ನಿಮ್ಮ ಬ್ಯಾಂಕ್ ಶಾಖೆಗೆ ಒಮ್ಮೆ ಹೋಗಿ ಹೀಗಾಯಿತು ಎಂದು ತಿಳಿಸಿ ಬನ್ನಿ. ಎರಡು ವಾರ ಖಾತೆಯ ಮೇಲೆ ಕಣ್ಣಿಟ್ಟಿರಿ.

ಪ್ರಶ್ನೆ: ಪರದೆಯ ಬಲಗಡೆ ಮೂಲೆಯಲ್ಲಿ ಐದು ನಿಮಿಷಕ್ಕೊಂದು ಚೀಟಿ ಬರುತ್ತೆ, ವೈರಸ್ ಇದೆ, ಲಾಟರಿ ಬಂದಿದೆ ಅಂತ. ಅಂಗಡಿಯವನು ಫಾರ್ಮ್ಯಾಟ್ ಮಾಡಬೇಕು ಎನ್ನುತ್ತಾನೆ. ಮಾಡಿಸಲಾ?
(ಚಿಕ್ಕಮಗಳೂರು)

ಉತ್ತರ: ಬೇಡಮ್ಮ, ದುಡ್ಡು ಉಳಿಸಿಕೊಳ್ಳಿ. ಯಾವುದೋ ಸೈಟ್ "ನೋಟಿಫಿಕೇಶನ್ ಕಳಿಸಲೇ?" ಎಂದು ಕೇಳಿದಾಗ ನೀವೋ ಮಕ್ಕಳೋ ಅಲೋ ಎಂದು ಒತ್ತಿದ್ದೀರಿ. ಅದು ವೈರಸ್ಸಲ್ಲ, ಕೊಟ್ಟ ಅನುಮತಿ. ಕ್ರೋಮ್‌ನ ಸೆಟ್ಟಿಂಗ್ಸ್, ಅಲ್ಲಿ ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಆಮೇಲೆ ನೋಟಿಫಿಕೇಶನ್ಸ್. ಗುರುತಿಲ್ಲದ ಹೆಸರುಗಳೆಲ್ಲವನ್ನೂ ತೆಗೆದುಬಿಡಿ. ಚೀಟಿ ನಿಲ್ಲುತ್ತದೆ. ನಿಮ್ಮಂಥದೇ ತೊಂದರೆಗೆ ನಮ್ಮ ಚಿಕ್ಕಮ್ಮ ಎರಡು ಸಲ ಫಾರ್ಮ್ಯಾಟ್ ಮಾಡಿಸಿದ್ದರು. ಎರಡನೇ ಸಲ ಮೊಮ್ಮಗನ ನಾಮಕರಣದ ಫೋಟೋಗಳೂ ಹೋದವು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಪ್ರಶ್ನೆ: ನಮ್ಮದು ವಿಂಡೋಸ್ 10. ಅದರ ಕಾಲ ಮುಗಿಯಿತು, ಬಿಸಾಡು ಎನ್ನುತ್ತಾನೆ ಮಗ. ಚೆನ್ನಾಗಿಯೇ ಓಡುತ್ತಿದೆ. ಯಾಕೆ ಬಿಸಾಡಬೇಕು?
(ದಾವಣಗೆರೆ)

ಉತ್ತರ: ಮಗ ಹೇಳುವುದರಲ್ಲಿ ಅರ್ಧ ನಿಜ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿತು. ಕಂಪ್ಯೂಟರ್ ಓಡುತ್ತದೆ, ಆದರೆ ಹೊಸದಾಗಿ ಸಿಕ್ಕ ತೂತುಗಳನ್ನು, ಅಂದರೆ ಕಳ್ಳರು ಒಳನುಗ್ಗಬಹುದಾದ ದೋಷಗಳನ್ನು, ಮುಚ್ಚುವವರಿಲ್ಲ. ತೂತು ಮುಚ್ಚದಿದ್ದರೆ ಏನಾಗುತ್ತದೆ ಎನ್ನುವುದನ್ನು 2017ರ ಮೇ ತಿಂಗಳಲ್ಲಿ ಪ್ರಪಂಚವೇ ನೋಡಿತು. ವಾನಾಕ್ರೈ ಎಂಬ ಪಿಡುಗು ಬಂದು ಫೈಲುಗಳಿಗೆಲ್ಲ ಬೀಗ ಹಾಕಿ ದುಡ್ಡು ಕೇಳಿತು, ಬ್ರಿಟನ್ನಿನಲ್ಲಿ ಆಸ್ಪತ್ರೆಗಳ ಕೆಲಸವೇ ನಿಂತುಹೋಯಿತು. ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ಎರಡು ತಿಂಗಳಾದರೂ ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ನಿಮಗಿರುವ ದಾರಿ ಮೂರು. ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಸುರಕ್ಷತಾ ಅಪ್‌ಡೇಟ್ ಕೊಡುವುದಾಗಿ ಕಂಪನಿ ಹೇಳಿದೆ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಅದಕ್ಕೆ ಸೇರುವ ಕೊಂಡಿ ಕಾಣುತ್ತದೆ, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡು ಕೊಡದೆಯೂ ಸೇರಬಹುದು. ಕಂಪ್ಯೂಟರಿನಲ್ಲಿ ಟಿಪಿಎಂ 2.0 ಎಂಬ ಚಿಪ್ ಇದ್ದು ಪ್ರೊಸೆಸರ್ ತೀರಾ ಹಳೆಯದಲ್ಲದಿದ್ದರೆ ವಿಂಡೋಸ್ 11ಕ್ಕೆ ಹೋಗಬಹುದು, ಅದೂ ಉಚಿತ. ಎರಡೂ ಆಗದಿದ್ದರೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿಸಿ, ಹಳೆಯ ಕಂಪ್ಯೂಟರಿನಲ್ಲೂ ಹಗುರವಾಗಿ ಓಡುತ್ತದೆ, ಮೇಲ್ ನೋಡಲು, ವಿಡಿಯೋ ನೋಡಲು, ಪತ್ರ ಬರೆಯಲು ಏನೂ ಕಮ್ಮಿಯಿಲ್ಲ. ಯಾವುದೇ ಮಾಡುವ ಮೊದಲು ಫೋಟೋಗಳನ್ನೂ ದಾಖಲೆಗಳನ್ನೂ ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಿ, ಅದರ ವೈರ್ ಕಿತ್ತು ಬೀರುವಿನಲ್ಲಿಡಿ. ಸಿಕ್ಕಿಸಿಯೇ ಬಿಟ್ಟರೆ ಬೀಗ ಹಾಕುವ ವೈರಸ್ ಅದಕ್ಕೂ ಬೀಗ ಹಾಕುತ್ತದೆ.

ಪ್ರಶ್ನೆ: ಪಾಸ್‌ವರ್ಡುಗಳನ್ನು ಡೈರಿಯಲ್ಲಿ ಬರೆದಿಟ್ಟರೆ ತಪ್ಪಾ?
(ಹಾಸನ)

ಉತ್ತರ: ತಪ್ಪಿಲ್ಲ. ಎಲ್ಲ ಕಡೆಗೂ ಒಂದೇ ಪಾಸ್‌ವರ್ಡ್ ಇಡುವುದು ತಪ್ಪು. ಯಾವುದೋ ಶಾಪಿಂಗ್ ಸೈಟಿನಿಂದ ಸೋರಿದ ಪಾಸ್‌ವರ್ಡನ್ನೇ ತಂದು ನಿಮ್ಮ ಮೇಲ್‌ಗೂ ಹಾಕಿ ನೋಡುತ್ತಾರೆ. ಬೇರೆ ಬೇರೆ ಇಟ್ಟು ಡೈರಿಯಲ್ಲಿ ಬರೆದು ಡೈರಿಯನ್ನು ಕಂಪ್ಯೂಟರ್ ಪಕ್ಕ ಬಿಟ್ಟು ಬೇರೆಲ್ಲಾದರೂ ಇಡಿ. ಪಾಸ್‌ವರ್ಡ್ ಉದ್ದವಾಗಿರಲಿ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಸೇರಿಸಿದರೆ ನೆನಪೂ ಇರುತ್ತದೆ, ಊಹಿಸುವುದೂ ಕಷ್ಟ.

ಪ್ರಶ್ನೆ: ಅಪ್ಪನಿಗೆ ಕನ್ನಡ ಟೈಪ್ ಮಾಡಲು ನುಡಿ ಬೇಕಿತ್ತು. ಗೂಗಲ್‌ನಲ್ಲಿ ಹುಡುಕಿ ಡೌನ್‌ಲೋಡ್ ಮಾಡಿದೆ. ನುಡಿ ಬರಲಿಲ್ಲ, ಬದಲಿಗೆ ಯಾವುದೋ ಡ್ರೈವರ್ ಅಪ್‌ಡೇಟರ್, ಹೊಸ ಬ್ರೌಸರ್ ಎಲ್ಲ ಬಂದು ಕೂತಿವೆ.
(ಧಾರವಾಡ)

ಉತ್ತರ: ದೊಡ್ಡ ಹಸಿರು ಬಟನ್ ಒತ್ತಿದ್ದೀರಿ ಅನ್ನಿಸುತ್ತದೆ. ಅಂಥ ಪುಟಗಳಲ್ಲಿ ಎದ್ದು ಕಾಣುವ ಬಟನ್ ಜಾಸ್ತಿ ಸಲ ಜಾಹೀರಾತೇ ಆಗಿರುತ್ತದೆ. ಬಂದು ಕೂತವನ್ನು ಆ್ಯಪ್‌ಗಳ ಪಟ್ಟಿಯಿಂದ ತೆಗೆಯಿರಿ. ಸಾಫ್ಟ್‌ವೇರನ್ನು ಅದನ್ನು ಮಾಡಿದವರ ಸೈಟಿನಿಂದಲೇ ತೆಗೆದುಕೊಳ್ಳಬೇಕು, ನುಡಿ ಕನ್ನಡ ಗಣಕ ಪರಿಷತ್ತಿನದು. ಅಪ್ಪನಿಗೆ ಬರೀ ಯುನಿಕೋಡ್ ಕನ್ನಡ (ಮೇಲ್, ವಾಟ್ಸ್ಆ್ಯಪ್ ಎಲ್ಲ ಕಡೆ ನಡೆಯುವ ಅಕ್ಷರ) ಸಾಕೆಂದರೆ ಏನೂ ಡೌನ್‌ಲೋಡ್ ಮಾಡುವುದೇ ಬೇಡ. ವಿಂಡೋಸ್ ಒಳಗೇ ಕನ್ನಡ ಕೀಬೋರ್ಡ್ ಇದೆ, 2019ರಿಂದ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಫೋನೆಟಿಕ್ ಕೀಬೋರ್ಡ್ ಕೂಡ ಸೇರಿದೆ. ಲ್ಯಾಂಗ್ವೇಜ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಸೇರಿಸಿಕೊಳ್ಳಿ, ಆಯಿತು.

ಪ್ರಶ್ನೆ: ಅರ್ಜಿ ಹಾಕುವಾಗ ಆಧಾರ್ ಪ್ರಿಂಟಿಗೆ ಜೆರಾಕ್ಸ್ ಅಂಗಡಿಗೆ ಹೋಗುತ್ತೇವೆ. ಅವರ ಕಂಪ್ಯೂಟರಿನಲ್ಲೇ ವಾಟ್ಸ್ಆ್ಯಪ್ ತೆರೆದು ತೆಗೆಯುತ್ತೇವೆ. ಅಪಾಯವಾ?
(ರಾಯಚೂರು)

ಉತ್ತರ: ಹೌದು. ಲಾಗ್ಔಟ್ ಮರೆತರೆ ನಿಮ್ಮ ಮೆಸೇಜುಗಳೆಲ್ಲ ಆ ಅಂಗಡಿಯಲ್ಲಿ ತೆರೆದಿರುತ್ತವೆ. ಈಗಲೇ ಫೋನಿನಲ್ಲಿ ವಾಟ್ಸ್ಆ್ಯಪ್‌ನ ಲಿಂಕ್ಡ್ ಡಿವೈಸಸ್ ನೋಡಿ, ನಿಮ್ಮದಲ್ಲದ್ದೆಲ್ಲ ಲಾಗ್ಔಟ್ ಮಾಡಿ. ಆಧಾರ್‌ಗೆ ಮಾಸ್ಕ್ಡ್ ಆಧಾರ್ ಎಂದು ಆಧಾರ್ ಸೈಟಿನಲ್ಲೇ ಸಿಗುತ್ತದೆ, ಕೊನೆಯ 4 ಅಂಕೆ ಮಾತ್ರ ಕಾಣುತ್ತದೆ. ನಡೆಯುವ ಕಡೆ ಅದನ್ನೇ ಕೊಡಿ. ಪ್ರಿಂಟ್ ಆದ ಮೇಲೆ, "ಅಣ್ಣಾ, ಆ ಫೈಲ್ ಡಿಲೀಟ್ ಮಾಡಿ, ರೀಸೈಕಲ್ ಬಿನ್ನಿಂದಲೂ ತೆಗೀರಿ" ಎಂದು ಹೇಳಿ, ನಿಂತು ನೋಡಿ. ಸಂಕೋಚ ಪಡಬೇಡಿ. ಆ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಇಡೀ ಬೀದಿಯವರ ಆಧಾರ್, ಮಾರ್ಕ್ಸ್ ಕಾರ್ಡ್, ಪಹಣಿ ಎಲ್ಲ ಬಿದ್ದಿರುವುದನ್ನು ನಾನೇ ಕಂಡಿದ್ದೇನೆ.

ಪ್ರಶ್ನೆ: ನಾನಿರುವುದು ನ್ಯೂಜೆರ್ಸಿಯಲ್ಲಿ. ಅಪ್ಪ ಅಮ್ಮ ಮೈಸೂರಿನಲ್ಲಿ ಇಬ್ಬರೇ. ಇಬ್ಬರಿಗೂ ಎಪ್ಪತ್ತು ದಾಟಿದೆ. ಇಲ್ಲಿಂದ ಏನು ಮಾಡಬಹುದು?

ಉತ್ತರ: ತುಂಬಾ ಮಾಡಬಹುದು. ಮುಂದಿನ ಸಲ ಊರಿಗೆ ಬಂದಾಗ ಅವರ ಕಂಪ್ಯೂಟರಿನಲ್ಲಿ ಅಡ್ಮಿನ್ ಅಲ್ಲದ ಒಂದು ಸ್ಟ್ಯಾಂಡರ್ಡ್ ಖಾತೆ ಮಾಡಿ, ದಿನಾ ಅದನ್ನೇ ಬಳಸಲಿ. ಆಗ ಎಷ್ಟೋ ಸಾಫ್ಟ್‌ವೇರ್ ನಿಮ್ಮ ಪಾಸ್‌ವರ್ಡ್ ಇಲ್ಲದೆ ಒಳಗೆ ಬರುವುದಿಲ್ಲ. ಅವರ ಬ್ಯಾಂಕಿನ ಪುಟವನ್ನು ಬುಕ್‌ಮಾರ್ಕ್ ಮಾಡಿಕೊಡಿ. ರಿಸರ್ವ್ ಬ್ಯಾಂಕಿನ ಸೂಚನೆಯಂತೆ ಈಗ ನಮ್ಮ ಬ್ಯಾಂಕುಗಳ ವಿಳಾಸ ಡಾಟ್ ಬ್ಯಾಂಕ್ ಡಾಟ್ ಇನ್ ಎಂದು ಮುಗಿಯುತ್ತದೆ, ಅದನ್ನು ಇಬ್ಬರಿಗೂ ತೋರಿಸಿ. ದೂರದಿಂದ ಸರಿಮಾಡುವಾಗ ವಿಂಡೋಸ್‌ನ ಕ್ವಿಕ್ ಅಸಿಸ್ಟ್ ಬಳಸಿ, ಆದರೆ ಒಂದು ಕಟ್ಟುಪಾಡಿರಲಿ: ಅವರು ನಿಮಗೆ ಫೋನ್ ಮಾಡಿದಾಗ ಮಾತ್ರ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ವಿಡಿಯೋ ಕಾಲಿನಲ್ಲಿ ಪೊಲೀಸ್ ಯೂನಿಫಾರ್ಮ್ ತೊಟ್ಟವನೊಬ್ಬ ಕಾಣಿಸಿಕೊಂಡು ನಿಮ್ಮ ಹೆಸರಿನ ಪಾರ್ಸಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ಯಾರಿಗೂ ಹೇಳಬೇಡಿ, ಕ್ಯಾಮೆರಾ ಮುಂದಿನಿಂದ ಏಳಬೇಡಿ ಎನ್ನುತ್ತಾನೆ. ಇದಕ್ಕೆ ಡಿಜಿಟಲ್ ಅರೆಸ್ಟ್ ಎಂಬ ಹೆಸರು ಬೇರೆ. ನಮ್ಮ ಕಾನೂನಿನಲ್ಲಿ ಅಂಥದ್ದು ಇಲ್ಲವೇ ಇಲ್ಲ. 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯೇ ಇದನ್ನು ಹೇಳಿದರು, ಅಂದು ಕೇಳಿಸಿದ ಕರೆ ನಮ್ಮ ವಿಜಯಪುರದವರೊಬ್ಬರಿಗೆ ಬಂದದ್ದು. ಈ ಮೋಸ ನಡೆಯುವುದೇ "ಯಾರಿಗೂ ಹೇಳಬೇಡಿ" ಎಂಬ ಮಾತಿನ ಮೇಲೆ. ಅದಕ್ಕೇ ಅಪ್ಪ ಅಮ್ಮನಿಗೆ ಈವತ್ತೇ ಫೋನ್ ಮಾಡಿ ಹೇಳಿ: ಎಷ್ಟು ಹೊತ್ತಿಗಾದರೂ ನನ್ನನ್ನು ಎಬ್ಬಿಸಿ, ಏನೇ ಆಗಿದ್ದರೂ ನಾನು ಬೈಯುವುದಿಲ್ಲ. ಮಕ್ಕಳು ಬೈತಾರೆ ಎಂಬ ಹೆದರಿಕೆಗೇ ಎಷ್ಟೋ ಹಿರಿಯರು ಬಾಯಿ ಬಿಡುವುದಿಲ್ಲ.

ಪ್ರಶ್ನೆ: ವೈಫೈ ಪಾಸ್‌ವರ್ಡ್ ನಮ್ಮ ಮೊಬೈಲ್ ನಂಬರೇ. ಕನೆಕ್ಷನ್ ಕೊಟ್ಟವರು ಹಾಗೇ ಇಟ್ಟುಹೋದರು. ಪರವಾಗಿಲ್ವಾ?
(ಉಡುಪಿ)

ಉತ್ತರ: ಇಲ್ಲ, ಬದಲಾಯಿಸಿ. ಜೊತೆಗೆ ರೂಟರಿನ ಸೆಟ್ಟಿಂಗ್ಸ್‌ಗೆ ಹೋಗುವ ಅಡ್ಮಿನ್ ಪಾಸ್‌ವರ್ಡನ್ನೂ. ಅದು ಎಷ್ಟೋ ಮನೆಗಳಲ್ಲಿ ಇನ್ನೂ ಅಡ್ಮಿನ್ ಅಂತಲೇ ಇರುತ್ತದೆ.

ಪ್ರಶ್ನೆ: ಬಿಲ್ ಅಪ್‌ಡೇಟ್ ಆಗಿಲ್ಲ, ರಾತ್ರಿ 9.30ಕ್ಕೆ ಕರೆಂಟ್ ಕಟ್ ಮಾಡುತ್ತೇವೆ ಎಂದು ಮೆಸೇಜ್ ಬಂತು. ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿ ಹೇಳಿದ ಹಾಗೆ ಮಾಡಿದೆ. ₹48,000 ಹೋಯಿತು. ಎರಡು ದಿನವಾಯಿತು, ಮನೆಯವರಿಗೆ ಹೇಳಿಲ್ಲ.
(ಮಂಡ್ಯ)

ಉತ್ತರ: ಅಕ್ಕಾ, ನಿಮ್ಮ ಪತ್ರ ಬಂದ ದಿನವೇ ನಿಮಗೆ ಮೆಸೇಜ್ ಮಾಡಿದ್ದೆ. ಇಲ್ಲಿ ಮತ್ತೆ ಬರೆಯುತ್ತಿರುವುದು ಬೇರೆಯವರಿಗೂ ಬೇಕಾದೀತು ಅಂತ. ಹಣ ಹೋದ ಕೂಡಲೇ ಸೈಬರ್ ವಂಚನೆಯ ಸರ್ಕಾರಿ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ, ಬೇಗ ತಿಳಿಸಿದರೆ ದಾರಿಯಲ್ಲೇ ತಡೆಯುವ ಅವಕಾಶ ಇರುತ್ತದೆ. ತಡವಾಯಿತು ಅಂತ ಸುಮ್ನೆ ಕೂರಬೇಡಿ, ಎರಡು ದಿನ ಕಳೆದಿದ್ದರೂ ಮಾಡಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಎಂಬ ಸರ್ಕಾರಿ ಸೈಟಿನಲ್ಲೂ ದೂರು ಕೊಡಬಹುದು. ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟು ದೂರಿನ ನಂಬರ್ ಪಡೆಯಿರಿ. ರಿಸರ್ವ್ ಬ್ಯಾಂಕಿನ 2017ರ ನಿಯಮದಂತೆ, ನಾವೇ ಓಟಿಪಿಯನ್ನೋ ಪಿನ್ನನ್ನೋ ಕೊಟ್ಟಿದ್ದರೆ ತಿಳಿಸುವವರೆಗೆ ಹೋದದ್ದು ನಮ್ಮ ಮೇಲೆ, ತಿಳಿಸಿದ ಮೇಲೂ ಹೋದರೆ ಅದು ಬ್ಯಾಂಕಿನ ಮೇಲೆ. ಅದಕ್ಕೇ ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ. ಕರೆಂಟಿನ ಬಗ್ಗೆ ಅನುಮಾನವಿದ್ದರೆ ಕೇಳಬೇಕಾದ್ದು ವಿದ್ಯುತ್ ಸಹಾಯವಾಣಿ 1912ನ್ನು, ಮೆಸೇಜಿನಲ್ಲಿ ಬಂದ ನಂಬರನ್ನಲ್ಲ.

ಮನೆಯವರಿಗೆ ಹೇಳಿಬಿಡಿ. ನಿಮ್ಮನ್ನು ಮೋಸ ಮಾಡಿದ್ದು ದಿನವಿಡೀ ಅದನ್ನೇ ಕಸುಬು ಮಾಡಿಕೊಂಡವರು, ಇದರಲ್ಲಿ ನೀವು ತಲೆ ತಗ್ಗಿಸುವಂಥದ್ದು ಏನೂ ಇಲ್ಲ. ಇನ್ನು ಕೆಲವು ವಾರದಲ್ಲಿ ಯಾರಾದರೂ ಫೋನ್ ಮಾಡಿ, ನಿಮ್ಮ ₹48,000 ವಾಪಸ್ ಕೊಡಿಸುತ್ತೇವೆ, ಮೊದಲು ಸ್ವಲ್ಪ ಫೀಸು ಕಟ್ಟಿ ಎಂದು ಹೇಳಬಹುದು. ಅದೂ ಅಂಥದೇ ಮೋಸ. ಮಾತು ಬೆಳೆಸದೆ ಇಟ್ಟುಬಿಡಿ.